ಬೀಗ ಬೀಳುವುದು ಯಾರ ಮೇಲೆ?

ನಮ್ಮ ಬಡಾವಣೆಯ ಸಭೆಯಲ್ಲಿ ಹಿರಿಯರೊಬ್ಬರು, 'ಇದು ಮರ್ಯಾದಸ್ಥರು ಇರುವ ಜಾಗ, ಇಲ್ಲಿ ಪಿ.ಜಿ.ಗಳು ಬೇಡ' ಎಂದರು. ಬೆಂಗಳೂರಿನ ಪಿ.ಜಿ.ಯೊಂದರಲ್ಲಿ ನಾಲ್ಕು ವರ್ಷ ಇದ್ದು ಓದಿದ ನಾನು ಸುಮ್ಮನೆ ಕೂತಿದ್ದೆ. ಅಂದು ಆಡದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ದೂರುಗಳೆಲ್ಲ ಸುಳ್ಳಲ್ಲ. ಒಂದು ಸಂಸಾರಕ್ಕೆಂದು ಕಟ್ಟಿದ ಮನೆಯಲ್ಲಿ ನಲವತ್ತು ಮಂಚ ಹಾಕಿದರೆ ನೀರು, ಚರಂಡಿ, ಕಸ ಎಲ್ಲವೂ ಕೈಕೊಡುತ್ತವೆ. 2024ರ ಆಗಸ್ಟ್‌ನಲ್ಲಿ ಬಿಬಿಎಂಪಿ ಹೊರಡಿಸಿದ ಮಾರ್ಗಸೂಚಿ, ಪಿ.ಜಿ.ಯಲ್ಲಿ ತಲೆಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು ಇರಬೇಕೆಂದಿತು. 70 ಚದರಡಿ ಎಂದರೆ ಹತ್ತಡಿ ಉದ್ದ, ಏಳಡಿ ಅಗಲ. ಅಷ್ಟು ಜಾಗದಲ್ಲಿ ನಾವು ಇಬ್ಬರು ಮಲಗುತ್ತಿದ್ದೆವು. ಹಾಗಾಗಿ ಈ ನಿಯಮ ನಮ್ಮ ಪರವೇ, ಬಿಗಿಯಾಗಿ ಜಾರಿಯಾಗಲಿ.

ಆದರೆ ನಿಯಮ ಮುರಿಯುವವನು ಮಾಲೀಕ. ಬೀಗ ಬಿದ್ದ ದಿನ ಸೂಟ್‌ಕೇಸ್ ಹಿಡಿದು ಬೀದಿಗೆ ಬರುವವಳು ನಾಳೆ ಪರೀಕ್ಷೆ ಬರೆಯಬೇಕಾದ ಹುಡುಗಿ. ಅವಳ ಮುಂಗಡ ಹಣ ಯಾರು ವಾಪಸ್ ಕೊಡಿಸುತ್ತಾರೆ? ಮೊದಲು ಮಾಲೀಕನಿಗೆ ದಂಡ ಹಾಕಿ, ಗಡುವು ಕೊಡಿ, ಮುಂಗಡ ಕಕ್ಕಿಸಿ. ಬೀಗ ಕೊನೆಯದಾಗಲಿ.

ನೆರೆಯವರೇ, ನೀರಿನ ಲೆಕ್ಕ ಧಾರಾಳವಾಗಿ ಕೇಳಿ. ಅವಳು ರಾತ್ರಿ ಎಷ್ಟು ಗಂಟೆಗೆ ಬಂದಳೆಂಬುದು ನಗರ ಯೋಜನೆಯ ವಿಷಯವಲ್ಲ. ಹಿಂದೆ ಊರೂರಿನ ಮನೆಗಳು ಬಡ ಹುಡುಗರಿಗೆ ವಾರಾನ್ನ ಹಾಕಿ ಓದಿಸಿದವು. ಅದಕ್ಕೆ ಜಾತಿಯ ಗೋಡೆಯಿತ್ತು, ನಿಜ. ಇಂದಿನವರು ಅನ್ನ ಕೇಳುತ್ತಿಲ್ಲ, ಬಾಡಿಗೆ ಕೊಟ್ಟೇ ಇರುತ್ತಾರೆ. ಅವರಿಗೆ ಹೊಸ ಗೋಡೆ ಕಟ್ಟಬೇಡಿ.