ಮೋಟಾರ್‌ನ ಎಚ್‌ಪಿ ಹೆಚ್ಚಿಸಿದರೆ ಬೋರ್‌ವೆಲ್‌ನಲ್ಲಿ ಹೆಚ್ಚು ನೀರು ಬರುತ್ತದೆಯೇ?

ಬೇಸಿಗೆಯಲ್ಲಿ ಟ್ಯಾಂಕ್ ತುಂಬುವುದು ನಿಧಾನವಾದರೆ ಹಾಸನದ ಶಾಂತಿಗ್ರಾಮದಂಥ ಊರುಗಳಲ್ಲಿ ಮೊದಲು ಕೇಳಿಬರುವ ಸಲಹೆ: “ಒಂದು ಎಚ್‌ಪಿ ಸಾಲದು, ಎರಡು ಎಚ್‌ಪಿ ಮೋಟಾರ್ ಇಳಿಸಿ.” ಇದು ಎಷ್ಟು ನಿಜ?

ನೀರು ಕೊಡುವುದು ಬಂಡೆ, ಮೋಟಾರ್ ಅಲ್ಲ

ಈ ಭಾಗದ ನೆಲದಡಿ ಇರುವುದು ಗಟ್ಟಿ ಶಿಲೆ. ನೀರು ಬಂಡೆಯ ಬಿರುಕುಗಳಿಂದ ಜಿನುಗಿ ಬೋರ್‌ಗೆ ಬರುತ್ತದೆ. ಆ ವೇಗವನ್ನು ಯಾವ ಮೋಟಾರ್ ಕೂಡ ಇಷ್ಟ ಬಂದಷ್ಟು ಹೆಚ್ಚಿಸಲಾರದು.

ಲೆಕ್ಕ ನೋಡಿ. ಆರೂವರೆ ಇಂಚಿನ ಬೋರ್‌ನ 100 ಅಡಿಯಲ್ಲಿ ಸುಮಾರು 650 ಲೀಟರ್ ನೀರು ನಿಲ್ಲುತ್ತದೆ. ಬಿರುಕುಗಳಿಂದ ನಿಮಿಷಕ್ಕೆ 30 ಲೀಟರ್ ಬರುತ್ತಿದ್ದು, ಮೋಟಾರ್ 60 ಲೀಟರ್ ಎತ್ತಿದರೆ, ಮೋಟಾರ್ ಮೇಲಿನ 100 ಅಡಿ ನೀರು ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಖಾಲಿ. ನಂತರ ಪೈಪಿನಲ್ಲಿ ಗಾಳಿ ಬರುತ್ತದೆ. ಸಬ್‌ಮರ್ಸಿಬಲ್ ಮೋಟಾರ್ ತಣ್ಣಗಿರುವುದೇ ಸುತ್ತಲಿನ ನೀರಿನಿಂದ. ನೀರಿಲ್ಲದೆ ಓಡಿದರೆ ವೈಂಡಿಂಗ್ ಸುಡುತ್ತದೆ. ಆಮೇಲೆ ಮೋಟಾರ್ ಎತ್ತುವ ಕೂಲಿ, ರೀವೈಂಡಿಂಗ್, ಮತ್ತೆ ಇಳಿಸುವ ಖರ್ಚು.

“ಎರಡು ಇಂಚು ನೀರು” ಅಂದರೆ?

ಕೊರೆಯುವಾಗ ಹೊರಬರುವ ನೀರನ್ನು ವಿ ಆಕಾರದ ಕಿಂಡಿಯಲ್ಲಿ ಹರಿಸಿ ಅಳೆಯುವ ಎತ್ತರ ಇದು. 90 ಡಿಗ್ರಿ ಕಿಂಡಿಯಾದರೆ ಒಂದು ಇಂಚು ಎಂದರೆ ನಿಮಿಷಕ್ಕೆ ಸುಮಾರು 8 ಲೀಟರ್, ಎರಡು ಇಂಚು ಎಂದರೆ ಸುಮಾರು 48 ಲೀಟರ್. ಅಂದರೆ ಎರಡು ಪಟ್ಟಲ್ಲ, ಐದು ಪಟ್ಟಿಗೂ ಹೆಚ್ಚು! ಆದರೆ ಅದು ಕೊರೆದ ದಿನದ ಅಳತೆ. ಏಪ್ರಿಲ್‌ನಲ್ಲೂ ಅಷ್ಟೇ ಸಿಗುತ್ತದೆ ಎಂಬ ಖಾತ್ರಿ ಇಲ್ಲ.

ಹಾಗಾದರೆ ಎಚ್‌ಪಿ ಲೆಕ್ಕಕ್ಕಿಲ್ಲವೇ?

ಇದೆ. ನೀರು ಆಳಕ್ಕೆ ಇಳಿದಷ್ಟೂ ಎತ್ತಲು ಶಕ್ತಿ ಹೆಚ್ಚು ಬೇಕು. ಬೋರ್‌ನಲ್ಲಿ ಸಾಕಷ್ಟು ನೀರಿದ್ದೂ ಶುರುವಿನಿಂದಲೇ ಸಣ್ಣಗೆ, ಒಂದೇ ಸಮ ಬರುತ್ತಿದ್ದರೆ ಮೋಟಾರ್ ಚಿಕ್ಕದಿರಬಹುದು. ಆದರೆ ಕಡಿಮೆ ವೋಲ್ಟೇಜ್, ಪೈಪ್ ಸೋರಿಕೆ, ಸವೆದ ಇಂಪೆಲ್ಲರ್‌ನಿಂದಲೂ ಹೀಗಾಗುತ್ತದೆ. ಮೊದಲು ಅವನ್ನು ನೋಡಿಸಿ. ಜೋರಾಗಿ ಶುರುವಾಗಿ, ಸ್ವಲ್ಪ ಹೊತ್ತಿಗೆ ಗಾಳಿ ಬಂದರೆ ಮಾತ್ರ ಬೋರ್‌ನಲ್ಲೇ ನೀರು ಸಾಲದು ಎಂದರ್ಥ.

ಮನೆಯಲ್ಲೇ ಪರೀಕ್ಷಿಸಿ

- 200 ಲೀಟರ್ ಡ್ರಮ್ ತುಂಬಲು ಎಷ್ಟು ಹೊತ್ತು ಬೇಕು ನೋಡಿ. ಐದು ನಿಮಿಷವಾದರೆ ನಿಮಿಷಕ್ಕೆ 40 ಲೀಟರ್.
- ಗಾಳಿ ಬರುವ ಲಕ್ಷಣ ಕಂಡ ಕೂಡಲೇ ಮೋಟಾರ್ ನಿಲ್ಲಿಸಿ. ನೀರು ಮತ್ತೆ ತುಂಬಿಕೊಂಡ ಮೇಲೆ ಗೇಟ್ ವಾಲ್ವ್ ಸ್ವಲ್ಪ ತಿರುಗಿಸಿ, ಹರಿವು ಕಡಿಮೆ ಮಾಡಿ ಓಡಿಸಿ. ಗಂಟೆಗಟ್ಟಲೆ ಒಂದೇ ಸಮ ಬರುವಷ್ಟೇ ನಿಮ್ಮ ಬೋರ್‌ನ ತಾಕತ್ತು. ವಾಲ್ವ್ ಪೂರ್ತಿ ಮುಚ್ಚಬೇಡಿ.
- ಡ್ರೈ ರನ್ ತಡೆಯುವ ಸಾಧನವಿರುವ ಸ್ಟಾರ್ಟರ್ ಹಾಕಿಸಿ. ಅರ್ತಿಂಗ್ ಸರಿಯಿರಲಿ.
- ಮೋಟಾರನ್ನು ಬೋರ್‌ನ ತಳಕ್ಕೆ ಕೂರಿಸಬೇಡಿ, ಹೂಳು ಒಳಗೆ ಹೋಗುತ್ತದೆ.

ಮೋಟಾರ್ ಎತ್ತಿದ ದಿನ

ರಿಪೇರಿಗೆ ಹೋದ ಮೋಟಾರ್ ಬರುವವರೆಗೆ ಕೇಸಿಂಗ್ ಬಾಯಿಯನ್ನು ಗೋಣಿಚೀಲದಿಂದ ಮುಚ್ಚಿಡುವವರಿದ್ದಾರೆ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ತೆರೆದ ಕೊಳವೆಬಾವಿಗೆ ಬಿದ್ದ ಮಗುವನ್ನು ಸುಮಾರು 20 ಗಂಟೆಗಳ ಕಾರ್ಯಾಚರಣೆ ಬಳಿಕ ಜೀವಂತವಾಗಿ ಹೊರತೆಗೆಯಲಾಯಿತು. ಎಲ್ಲ ಮಕ್ಕಳಿಗೂ ಆ ಅದೃಷ್ಟ ಇರಲಿಲ್ಲ. ಪಂಪ್ ರಿಪೇರಿ ವೇಳೆ ಬಾವಿಯನ್ನು ತೆರೆದಿಡಬಾರದು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಒಂದೇ ರಾತ್ರಿಯ ಮಾತಾದರೂ ಗಟ್ಟಿ ಕ್ಯಾಪ್ ಹಾಕಿ, ಬಿಗಿ ಮಾಡಿ.

ಒಟ್ಟಾರೆ: ದೊಡ್ಡ ಮೋಟಾರ್ ಇರುವ ನೀರನ್ನು ಬೇಗ ಎತ್ತುತ್ತದೆಯೇ ಹೊರತು ಇಲ್ಲದ ನೀರನ್ನು ತರುವುದಿಲ್ಲ. ಮೊದಲು ಡ್ರಮ್ ಇಟ್ಟು ಅಳೆಯಿರಿ, ಆಮೇಲೆ ಅಂಗಡಿಗೆ ಹೋಗಿ.