ಘರಪಟ್ಟಿ ಪಾವತಿ ಹಕ್ಕುಪತ್ರವಲ್ಲ

ವಾಸ್ಕೋ, ಬೈನಾ, ಝುವಾರಿನಗರದ ಕನ್ನಡಿಗರು ಘರಪಟ್ಟಿ ಪಾವತಿಯನ್ನು ಟ್ರಂಕಿನಲ್ಲಿ ಬಂಗಾರದಂತೆ ಜೋಪಾನ ಮಾಡುತ್ತಾರೆ. ಮಾಡಲೇಬೇಕು. ಆದರೆ ಅದನ್ನೇ ಜಾಗದ ಹಕ್ಕುಪತ್ರ ಅಂತ ನಂಬಿದರೆ ಮೋಸ ಹೋದಂತೆ. ಪಂಚಾಯಿತಿಯಾಗಲಿ ನಗರಪಾಲಿಕೆಯಾಗಲಿ ಪಟ್ಟಿ ಹಾಕುವುದು ಕಟ್ಟಡ ನೋಡಿ. ಜಾಗ ಯಾರದೆಂದು ತೀರ್ಮಾನಿಸಿ ಅಲ್ಲ. ಹಳ್ಳಿ ಹದ್ದಿಯ ಜಾಗದ ಹೆಸರು ಸಿಗುವುದು ಸರ್ವೆಯ ಒಂದು-ಹದಿನಾಲ್ಕರ ಉತಾರದಲ್ಲಿ. ಮನೆ ಕೊಳ್ಳುವ ಮೊದಲು ಅದನ್ನು ತೆಗೆಸಿ ನೋಡ್ರಿ.

ಬೈನಾ ಕಡಲತೀರದಲ್ಲಿ 2004ರಲ್ಲಿ ಬುಲ್ಡೋಜರ್ ಓಡಿದ್ದನ್ನು ನಮ್ಮವರು ಮರೆತಿಲ್ಲ. ಹಾಗಂತ ಪಟ್ಟಿ ಬಾಕಿ ಇಡುವುದು ಜಾಣತನವಲ್ಲ. ಮಾರ್ಚ್ 31ರೊಳಗೆ ತುಂಬಿ, ಪಾವತಿಯಲ್ಲಿ ಹೆಸರು, ಮನೆ ನಂಬರ್ ಸರಿ ಇದೆಯೇ ನೋಡಿಕೊಳ್ಳಬೇಕು. ವರ್ಷಾನುಗಟ್ಟಲೆ ಹಣ ಎಣಿಸಿಕೊಳ್ಳುವ ಕಚೇರಿಗಳೂ ಈ ಮಾತನ್ನು ಬಡವರಿಗೆ ತಿಳಿಯುವ ಭಾಷೆಯಲ್ಲಿ ಮೊದಲೇ ಹೇಳಲಿ.