ಲೆಕ್ಕದ ಮೊದಲ ಸುಳ್ಳು

ಹೊಟ್ಟೆಗಿಲ್ಲದವನು ಕದ್ದರೆ ಕಾರಣವನ್ನು ಅರಸಬೇಕಾಗಿಲ್ಲ. ಸಹಸ್ರಾರು ಜನಕ್ಕೆ ಅನ್ನವಿತ್ತ ಕಂಪನಿಯ ಯಜಮಾನನೇ ಲೆಕ್ಕವನ್ನು ತಿದ್ದುವುದೇಕೆ? ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರಾಗಿದ್ದ ರಾಮಲಿಂಗ ರಾಜು ಅವರು 2009ನೆಯ ಇಸವಿ ಜನವರಿ 7ರಂದು ಬರೆದ ಪತ್ರದಲ್ಲಿ ಇದಕ್ಕೆ ಉತ್ತರವಿದೆ. ನಿಜವಾದ ಲಾಭಕ್ಕೂ ಪುಸ್ತಕದ ಲಾಭಕ್ಕೂ ಮೊದಲಿದ್ದುದು ಅಲ್ಪ ಅಂತರವಂತೆ. ವರ್ಷೇ ವರ್ಷೇ ಅದು ಬೆಳೆದು, ಇಲ್ಲದ 5,040 ಕೋಟಿ ರೂಪಾಯಿಗಳನ್ನು ಇದೆಯೆಂದು ತೋರಿಸುವವರೆಗೆ ಬಂದಿತು. ಒಂದು ವರ್ಷ ಲಾಭ ಕಡಮೆಯಾಯಿತೆಂದು ಒಪ್ಪಲಾರದ ಅಭಿಮಾನವೇ ಇಲ್ಲಿ ಮೊದಲ ಪ್ರೇರಣೆಯೆಂದು ನಮ್ಮ ಅಭಿಪ್ರಾಯ. ದುರಾಶೆಯು ಆಮೇಲೆ ಬಂದು ಸೇರಿಕೊಳ್ಳುತ್ತದೆ. ಷೇರಿನ ಬೆಲೆ ಇಳಿದೀತೆಂಬ ಭಯವು ಹಿಂದಿರುಗುವ ದಾರಿಯನ್ನು ಮುಚ್ಚುತ್ತದೆ.

ತುಮಕೂರು, ಗುಬ್ಬಿ, ಕುಣಿಗಲುಗಳಲ್ಲಿ ಅಡಕೆ ಕೊಬ್ಬರಿ ಮಾರಿದ ಹಣವನ್ನು ಸೊಸೈಟಿಗಳಲ್ಲಿಡುವ ಮಹಾಜನರು ಇದನ್ನು ದೂರದೂರಿನ ಕಥೆಯೆನ್ನಬಾರದು. ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲಿರುವ ಆರೋಪವೂ ಬಾರದ ಸಾಲವನ್ನು ಮರೆಮಾಡಿದ ಆರೋಪವೇ. 35,000 ರೂಪಾಯಿಗಿಂತ ಹೆಚ್ಚು ಹಣ ತೆಗೆಯಕೂಡದೆಂದು 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ವಿಧಿಸಿದಾಗ, ಜೀವಮಾನದ ಉಳಿತಾಯವನ್ನು ಅಲ್ಲಿಟ್ಟಿದ್ದ ವೃದ್ಧರು ದಿಕ್ಕೆಟ್ಟರು. ಆ ಬ್ಯಾಂಕಿಗೂ ಲೆಕ್ಕ ತನಿಖೆಗಾರರಿದ್ದರು! ನಮ್ಮ ಜಿಲ್ಲೆಯ ಸಹಕಾರ ಅಧಿಕಾರಿಗಳು ತನಿಖಾ ವರದಿಯನ್ನೂ, ಬಾಕಿಬಿದ್ದ ದೊಡ್ಡ ಸಾಲಗಳ ಪಟ್ಟಿಯನ್ನೂ, ವಾರ್ಷಿಕ ಸಭೆಗೆ ಹದಿನೈದು ದಿನ ಮುಂಚೆಯೇ ಸದಸ್ಯರ ಕೈಗೆ ತಲಪಿಸತಕ್ಕದ್ದೆಂದು ನಾವು ಒತ್ತಾಯಪಡಿಸುತ್ತೇವೆ.